ಏಳು ಕೆಜಿ ಬ್ಯಾಗು, ಎರಡು ಫಾರ್ಮಲ್ ರಾತ್ರಿ: ಕ್ರೂಸ್‌ಗೆ ಸೂಟ್ ಹೊರಬೇಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಉಡುಪಿಯಿಂದ ಗಂಡ ಹೆಂಡತಿ ಇಬ್ಬರು, ಮಂಗಳೂರಿಂದ ದುಬೈಗೆ ವಿಮಾನ, ಅಲ್ಲಿಂದ ಏಳು ರಾತ್ರಿಯ ಕ್ರೂಸ್. ವಿಮಾನದ ಟಿಕೆಟ್ ಬರೀ ಕ್ಯಾಬಿನ್ ಬ್ಯಾಗಿನದ್ದು, ತಲೆಗೆ 7 ಕೆಜಿ. ಹಡಗಿನವರು ಎರಡು ರಾತ್ರಿ ಫಾರ್ಮಲ್ ಉಡುಪು ಎಂದಿದ್ದಾರೆ. ಯಜಮಾನರಲ್ಲಿ ಸೂಟ್ ಇಲ್ಲ, ಹೊಲಿಸಿದರೂ ಇಡಲು ಜಾಗ ಇಲ್ಲ. ಕಾಂಜೀವರಂ ಸೀರೆ ಒಂದೇ ಕೆಜಿ ಹತ್ತಿರ ತೂಗುತ್ತದೆ.

ಸೂಟ್ ಬೇಡ, ಕಾಂಜೀವರಂ ಸಹ ಬೇಡ. ಒಂದು ಜೋಧಪುರಿ ಕೋಟು, ಒಂದು ಹಗುರ ರೇಷ್ಮೆ ಸೀರೆ, ಇಷ್ಟರಲ್ಲಿ ಎರಡೂ ರಾತ್ರಿ ಮುಗಿಯುತ್ತದೆ. ತೂಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಕೋಟು ಬೂಟು ಎರಡೂ ಮೈಮೇಲೆ ಹೋಗುತ್ತವೆ. ನಿಜವಾದ ತಲೆನೋವು ಸುಕ್ಕು. ಹಡಗಿನ ಕೋಣೆಗೆ ಇಸ್ತ್ರಿ ಪೆಟ್ಟಿಗೆಯನ್ನೂ ಬಟ್ಟೆಗೆ ಆವಿ ಹಾಯಿಸುವ ಸ್ಟೀಮರನ್ನೂ ಹೆಚ್ಚುಕಡಿಮೆ ಯಾವ ಕಂಪನಿಯೂ ಬಿಡುವುದಿಲ್ಲ, ಬೆಂಕಿಯ ಭಯ. ಹತ್ತುವಾಗ ಸ್ಕ್ಯಾನ್‌ನಲ್ಲಿ ಕಂಡರೆ ತೆಗೆದಿಟ್ಟುಕೊಂಡು ಇಳಿಯುವ ದಿನ ಕೊಡುತ್ತಾರೆ. ಹಾಗಾಗಿ ಬಟ್ಟೆ ಆರಿಸುವಾಗಲೇ ಸುಕ್ಕಿನ ಲೆಕ್ಕ ಹಾಕಿ ಆರಿಸಬೇಕು.

ಮೊದಲು ನಿಮ್ಮ ಹಡಗಿನವರ ಫಾರ್ಮಲ್ ಎಷ್ಟು ಬಿಗಿ ಎಂದು ನೋಡಿ. ಕ್ಯುನಾರ್ಡ್ ಎಂಬ ಕ್ರೂಸ್ ಕಂಪನಿಯವರದ್ದು ಗಟ್ಟಿ ನಿಯಮ: ಗಾಲಾ ರಾತ್ರಿ (ಫಾರ್ಮಲ್ ರಾತ್ರಿಗೆ ಅವರಿಟ್ಟ ಹೆಸರು) ಸಂಜೆ 6ರ ನಂತರ ಹೆಚ್ಚಿನ ಹಾಲ್‌ಗಳಲ್ಲಿ ಡಿನ್ನರ್ ಜಾಕೆಟ್ ಅಥವಾ ಗಾಢ ಬಣ್ಣದ ಸೂಟ್. ಆದರೆ ಅವರೇ ಆಯಾ ದೇಶದ ಸಾಂಪ್ರದಾಯಿಕ ಫಾರ್ಮಲ್ ಉಡುಪನ್ನೂ ಒಪ್ಪುತ್ತಾರೆ. ಕಾರ್ನಿವಲ್‌ನ ಎಲಿಗೆಂಟ್ ರಾತ್ರಿಗೆ ಒಳ್ಳೆಯ ಪ್ಯಾಂಟು, ಕಾಲರ್ ಇರುವ ಶರ್ಟು ಸಾಕು, ಕೋಟು ಅವರವರ ಇಷ್ಟ. ನಾರ್ವೇಜಿಯನ್‌ನಲ್ಲಿ ಕಡ್ಡಾಯದ ಫಾರ್ಮಲ್ ರಾತ್ರಿಯೇ ಇಲ್ಲ. ರಾಯಲ್ ಕೆರಿಬಿಯನ್, ಎಂಎಸ್‌ಸಿ ಇವೆಲ್ಲ ನಡುವಿನವು. ಅಲ್ಲಿ ಕೋಟು ಹಾಕಿದವರೂ ಇರುತ್ತಾರೆ, ಬರೀ ತುಂಬುತೋಳಿನ ಶರ್ಟಿನವರೂ ಇರುತ್ತಾರೆ. ಹೆಚ್ಚಿನ ಕಡೆ ಬಾಗಿಲಲ್ಲಿ ತಡೆಯುವುದು ಚಡ್ಡಿ, ಈಜುಡುಗೆ, ಗಂಡಸರ ತೋಳಿಲ್ಲದ ಬನಿಯನ್ನು, ಹವಾಯಿ ಚಪ್ಪಲಿ. ನಿಯಮ ಅನ್ವಯಿಸುವುದು ಮುಖ್ಯವಾಗಿ ದೊಡ್ಡ ಊಟದ ಹಾಲ್‌ಗೆ. ಮೇಲಿನ ಬಫೆಗೆ ಸಾಮಾನ್ಯವಾಗಿ ಇಲ್ಲ. ಪೂರ್ತಿ ಬೇಸರ ಬಂದರೆ ಆ ರಾತ್ರಿ ಬಫೆಯಲ್ಲಿ ಉಂಡು ಬರಬಹುದು. ಫಾರ್ಮಲ್ ರಾತ್ರಿಯ ವಿಶೇಷ ಎಂದು ಹಾಲ್‌ನಲ್ಲಿ ಅನೇಕ ಸಲ ಬಡಿಸುವುದು ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ. ಸಸ್ಯಾಹಾರಿಗಳಾದರೆ ಕಳೆದುಕೊಳ್ಳುವುದು ಹೆಚ್ಚೇನಿಲ್ಲ.

ಈಗ ಯಜಮಾನರ ವಿಷಯ. ಎರಡು ತುಂಡಿನ ಸೂಟು ಸುಮಾರು ಒಂದೂವರೆ ಕೆಜಿ. ಅದರ ಜೊತೆ ಟೈ, ಬೆಲ್ಟು, ಕಾಲರ್ ನೆಟ್ಟಗೆ ನಿಲ್ಲುವ ಶರ್ಟು ಬೇಕು. ಆ ಕಾಲರೇ ಬ್ಯಾಗಿನಲ್ಲಿ ಮೊದಲು ಜಜ್ಜಿಹೋಗುವುದು. ಜೋಧಪುರಿ ಕೋಟು ಕುತ್ತಿಗೆವರೆಗೆ ಮುಚ್ಚಿಕೊಳ್ಳುವ ಕಾರಣ ಒಳಗಿನ ಶರ್ಟು ಹೇಗಿದ್ದರೂ ನಡೆಯುತ್ತದೆ, ಟೈ ಬೇಕಂತಿಲ್ಲ. ಹೊಲಿಸುವುದಾದರೆ ಕಪ್ಪು ಅಥವಾ ಗಾಢ ನೀಲಿ ಟೆರಿವುಲ್ (ಪಾಲಿಯೆಸ್ಟರ್, ಉಣ್ಣೆ ಬೆರೆತ) ಬಟ್ಟೆ, ಅಗಲ ಪನ್ನದ್ದಾದರೆ ಸುಮಾರು ಎರಡು ಮೀಟರ್. ಟೈಲರಿಗೆ ‘ಅರ್ಧ ಲೈನಿಂಗ್ ಸಾಕು’ ಎಂದು ಮೊದಲೇ ಹೇಳಿ. ತೂಕವೂ ಇಳಿಯುತ್ತದೆ, ಸೆಖೆಯೂ ಕಡಿಮೆ. ಲಿನನ್ ಬೇಡ. ನಮ್ಮ ಹವೆಗೆ ಲಿನನ್ ಚೆಂದವೇ, ಆದರೆ ಕುರ್ಚಿಯಲ್ಲಿ ಕೂತು ಎದ್ದರೆ ಸಾಕು, ಮಡಚಿಟ್ಟ ಪೇಪರಿನ ಹಾಗೆ ಕಾಣುತ್ತದೆ. ಕ್ರೈಸ್ತ ಮದುವೆಗಳಿಗೆ ಸೂಟು ಹೊಲಿದು ಕೈ ಪಳಗಿದ ಟೈಲರುಗಳು ಮಂಗಳೂರಲ್ಲಿ ಬೇಕಾದಷ್ಟಿದ್ದಾರೆ. ಆದರೆ ಮದುವೆ ಸೀಸನ್‌ನಲ್ಲಿ ಹದಿನೈದು ದಿನ ಎಂದರೆ ತಿಂಗಳು ಆದೀತು, ಮೊದಲೇ ಕೊಡಿ. ಬಾಡಿಗೆ ಕೋಟಿನಿಂದ ಹಣ ಉಳಿಯಬಹುದು, ತೂಕ ಇಳಿಯುವುದಿಲ್ಲ, ಮೇಲೆ ಹತ್ತು ದಿನದ ಬಾಡಿಗೆ.

ಕೋಟು ಹೊಲಿಸುವಷ್ಟು ಮನಸ್ಸಿಲ್ಲ, ಹಡಗೂ ಅಷ್ಟು ಬಿಗಿಯಿಲ್ಲ ಎಂದಾದರೆ ತೋಳಿಲ್ಲದ ಜಾಕೆಟ್ ಸಾಕು. ನೆಹರೂ ಕೋಟು ಎನ್ನಿ, ಮೋದಿ ಕೋಟು ಎನ್ನಿ, ಹೊಲಿಗೆ ಒಂದೇ. ಮುನ್ನೂರು ಗ್ರಾಂ ಆಸುಪಾಸು, ಅಂಗೈ ಅಗಲಕ್ಕೆ ಸುತ್ತಿ ಇಡಬಹುದು. ಕ್ಯುನಾರ್ಡ್‌ನಂಥ ಹಡಗಿಗೆ ಮಾತ್ರ ಇದನ್ನು ನಂಬಿ ಹೋಗಬೇಡಿ.

ಪಂಚೆ ಶಲ್ಯ ನಡೆಯುತ್ತದೆಯೇ ಎಂದು ಕೇಳುವವರು ತುಂಬ ಜನ. ಜರಿಯಂಚಿನ ರೇಷ್ಮೆ ಪಂಚೆ, ಮೇಲೆ ತುಂಬುತೋಳಿನ ರೇಷ್ಮೆ ಶರ್ಟು ಸಾಂಪ್ರದಾಯಿಕ ಫಾರ್ಮಲ್ ಉಡುಪೇ. ಆದರೂ ಕಂಪನಿಗೆ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಬಾಗಿಲಲ್ಲಿ ನಿಲ್ಲುವ ಹುಡುಗನಿಗೆ ಪಂಚೆಗೂ ಲುಂಗಿಗೂ ವ್ಯತ್ಯಾಸ ಗೊತ್ತಿರಬೇಕೆಂದಿಲ್ಲ. ಉಡುವುದಾದರೆ ವೆಲ್ಕ್ರೋ ಇರುವ ಪಂಚೆ ತೆಗೆದುಕೊಳ್ಳಿ, ಡೆಕ್ಕಿನ ಗಾಳಿ ಪಣಂಬೂರು ಕಡಲ ತೀರದ ಗಾಳಿಗಿಂತ ಜೋರು. ಮತ್ತೊಂದು, ಅಭ್ಯಾಸಬಲದಿಂದ ಮೊಣಕಾಲಿನವರೆಗೆ ಎತ್ತಿ ಕಟ್ಟಿದಿರೋ, ಅಲ್ಲಿಗೆ ಫಾರ್ಮಲ್ ಮುಗಿಯಿತು ಮಾರಾಯ್ರೆ.

ಬೂಟಿನ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಕರಾವಳಿಯವರು ಇಲ್ಲೇ ಎಡವುವುದು. ಹಿಂದಿನ ಮದುವೆಗೆ ಕೊಂಡ ಕಪ್ಪು ಬೂಟು ಕಪಾಟಿನಲ್ಲಿ ಮೂರು ನಾಲ್ಕು ಮಳೆಗಾಲ ಕಳೆದಿರುತ್ತದೆ. ಮೇಲೆ ಪಾಲಿಷ್ ಹಾಕಿದರೆ ಹೊಸತರಂತೆ ಕಾಣುತ್ತದೆ. ಆದರೆ ತಳ ಪಿಯು, ಅಂದರೆ ಪಾಲಿಯುರೆಥೇನ್ ಆಗಿದ್ದರೆ ಗಾಳಿಯ ತೇವವೇ ಅದನ್ನು ಒಳಗಿನಿಂದ ಮುರಿಯುತ್ತದೆ. ಹಾಕದೆ ಇಟ್ಟರೂ ಮುರಿಯುತ್ತದೆ. ಹಾಕಿ ಹೊರಟ ಮೊದಲ ದಿನವೇ ತಳ ಪುಡಿಪುಡಿಯಾಗಿ ಕಾರ್ಪೆಟ್ ಮೇಲೆ ಕಪ್ಪು ಹೆಜ್ಜೆ ಮೂಡುತ್ತದೆ. ಹೊರಡುವ ಎರಡು ವಾರ ಮೊದಲು ತಳವನ್ನು ಹೆಬ್ಬೆರಳಿಂದ ಒತ್ತಿ ನೋಡಿ. ಅಂಟಿದರೆ, ಪುಡಿ ಬಂದರೆ, ಗುಳಿ ಬಿದ್ದು ಹಾಗೇ ಉಳಿದರೆ ಎಸೆಯಿರಿ. ಏನೂ ಆಗದಿದ್ದರೆ ಹಾಕಿಕೊಂಡು ಅರ್ಧ ಗಂಟೆ ಮೆಟ್ಟಿಲು ಹತ್ತಿ ಇಳಿಯಿರಿ. ಹೊಸತು ಕೊಳ್ಳುವುದಾದರೆ ರಬ್ಬರ್ ತಳದ್ದು, ಲೇಸ್ ಇಲ್ಲದ್ದು, ಏನೂ ಚಿತ್ತಾರವಿಲ್ಲದ ಕಪ್ಪು. ವಿಮಾನಕ್ಕೂ ಅದೇ, ಊಟಕ್ಕೂ ಅದೇ. ಬೇರೆ ಹೊತ್ತಿಗೆ ಒಂದು ಹಗುರ ಚಪ್ಪಲಿ ಬ್ಯಾಗಿನಲ್ಲಿರಲಿ. ಮಕ್ಕಳನ್ನು ಕರೆದುಕೊಂಡು ಹೋಗುವವರು ಯೋಚಿಸುವುದೇ ಬೇಡ, ಶಾಲೆಯ ಕಪ್ಪು ಬೂಟು ಇದ್ದೇ ಇದೆ.

ಬೂಷ್ಟಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಮಳೆಗಾಲ ಕಳೆದ ಕೋಟಿಗೆ ಮುಗ್ಗಲು ವಾಸನೆ, ಅದನ್ನು ಓಡಿಸಲು ಇಟ್ಟ ನುಸಿಗುಳಿಗೆಯ ವಾಸನೆ, ಎರಡೂ ಎಸಿ ಹಾಲ್‌ನಲ್ಲಿ ಪಕ್ಕದ ಮೇಜಿನವರೆಗೆ ಹೋಗುತ್ತವೆ. ಹೊರಡುವ ವಾರ ಮೊದಲೇ ತೆಗೆದು ನೆರಳಲ್ಲಿ, ಗಾಳಿ ಆಡುವಲ್ಲಿ ಮೂರು ದಿನ ತೂಗುಹಾಕಿ. ಸೆಂಟ್ ಸುರಿದರೆ ಮೂರನೆಯ ವಾಸನೆ ಹುಟ್ಟುತ್ತದೆ, ಅಷ್ಟೆ.

ಇನ್ನು ಸೀರೆ. ಮೈಸೂರು ಕ್ರೇಪ್ ರೇಷ್ಮೆ ಅಥವಾ ಜಾರ್ಜೆಟ್ ತೆಗೆದುಕೊಳ್ಳಿ. ಕ್ರೇಪ್‌ನ ನೂಲನ್ನು ಬಲವಾಗಿ ಹುರಿಮಾಡಿ ನೇಯುವುದರಿಂದ ಮಡಿಕೆ ಬಿದ್ದರೂ ತೂಗುಹಾಕಿದಾಗ ತನ್ನ ಭಾರಕ್ಕೆ ತಾನೇ ಇಳಿದು ಸರಿಯಾಗುತ್ತದೆ. ಸಣ್ಣ ಅಂಚಿನದ್ದು ಅರ್ಧ ಕೆಜಿಯ ಒಳಗೆ ಮುಗಿಯುತ್ತದೆ. ದೊಡ್ಡ ಜರಿಯಂಚಿನ ಸೀರೆಯಲ್ಲಿ ಜರಿ ಮಡಚಿದಲ್ಲಿ ಮುರಿದ ಗೆರೆ ಕೂತರೆ ಇಸ್ತ್ರಿಯಿಲ್ಲದೆ ಹೋಗುವುದಿಲ್ಲ. ಕಿನ್ನಿಗೋಳಿಯ ನೇಕಾರರ ಉಡುಪಿ ಸೀರೆ ನನಗೆ ಅಚ್ಚುಮೆಚ್ಚು, ಆದರೆ ಹತ್ತಿ. ಹಗಲು ಬಂದರಿನಲ್ಲಿ ಇಳಿದು ತಿರುಗಾಡಲು ಉಡಿ, ಫಾರ್ಮಲ್ ರಾತ್ರಿಗೆ ಬೇಡ.

ಹಡಗಿನ ಕೋಣೆಯಲ್ಲಿ ನಿಂತು ನೆರಿಗೆ ಹಿಡಿಯಲು ಜಾಗವೂ ಇಲ್ಲ, ಕಾಲು ಕಾಣುವಷ್ಟು ದೊಡ್ಡ ಕನ್ನಡಿ ಎಲ್ಲ ಕೋಣೆಯಲ್ಲೂ ಇರುವುದಿಲ್ಲ. ಅದಕ್ಕೆ ಮನೆಯಲ್ಲೇ ನೆರಿಗೆ ಹಾಕಿ ಇಸ್ತ್ರಿ ಮಾಡಿ ಒಯ್ಯಿರಿ. ಒಮ್ಮೆ ಉಟ್ಟು ಸೊಂಟದ ಸುತ್ತು, ಸೆರಗಿನ ಉದ್ದ ಎರಡನ್ನೂ ಗುರುತು ಮಾಡಿಕೊಳ್ಳಿ. ಸೆರಗನ್ನು ನಾಲ್ಕೈದು ಇಂಚು ಅಗಲಕ್ಕೆ ಮಡಚಿ, ಮುಂದಿನ ನೆರಿಗೆ ಆರೇಳು, ಒಂದೊಂದು ಐದು ಇಂಚು. ತೆಳು ಹತ್ತಿ ಬಟ್ಟೆ ಮೇಲೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಹಾಕಿ. ಪೂರ್ತಿ ಆರಿದ ಮೇಲೆಯೇ ಮಡಚಬೇಕು, ಬಿಸಿ ಇರುವಾಗ ಮಡಚಿದರೆ ಆ ಮಡಿಕೆಯೂ ಇಸ್ತ್ರಿಯಾದಂತೆ ಕೂರುತ್ತದೆ. ನೆರಿಗೆ ಹಿಡಿದಿಡಲು ಪಿನ್ನು ಚುಚ್ಚಬೇಡಿ, ನಮ್ಮ ಹವೆಗೆ ಪಿನ್ನು ತುಕ್ಕು ಹಿಡಿದು ರೇಷ್ಮೆಯಲ್ಲಿ ಕಲೆ ಉಳಿಯುತ್ತದೆ. ಚಪ್ಪಟೆ ಹೇರ್ ಕ್ಲಿಪ್ಪು, ನಡುವೆ ಕಾಗದದ ತುಂಡು. ಆಮೇಲೆ ಪೆಟ್ಟಿಗೆಯಾಕಾರಕ್ಕೆ ಮಡಚಿ, ಹಳೆಯ ತೊಳೆದ ಬೈರಾಸಿನಲ್ಲಿ ಸುತ್ತಿ, ಬ್ಯಾಗಿನ ಎಲ್ಲಕ್ಕಿಂತ ಮೇಲೆ ಇಡಿ. ನೆರಿಗೆ ಹಾಕಿ ಕೊಡುವ ಬ್ಯೂಟಿಷಿಯನ್‌ಗಳು ಈಗ ಮಂಗಳೂರು, ಉಡುಪಿಯಲ್ಲಿ ಸಿಗುತ್ತಾರೆ, ಕೊಟ್ಟು ಮಾಡಿಸಿದರೂ ಆದೀತು.

ತೂಕ ಹೀಗೆ ಬರುತ್ತದೆ: ಸೀರೆ 500 ಗ್ರಾಂ, ಎರಡು ರವಿಕೆ 250, ಒಳಲಂಗ 150, ಚಪ್ಪಲಿ 450, ಆಭರಣ ಮತ್ತು ಚಿಲ್ಲರೆ 150. ಒಟ್ಟು ಒಂದೂವರೆ ಕೆಜಿ. ಒಳಲಂಗದ ಬದಲು ಸೀರೆ ಶೇಪ್‌ವೇರ್ ಆದರೆ ಲಾಡಿಯ ತಾಪತ್ರಯ ತಪ್ಪುತ್ತದೆ. ಹಿಮ್ಮಡಿ ಅಗಲವಾಗಿರಲಿ, ಎರಡು ಇಂಚಿಗಿಂತ ಹೆಚ್ಚು ಬೇಡ. ಕಡಲು ಸ್ವಲ್ಪ ಎದ್ದರೂ ಕಂಬಿ ಹಿಡಿದು ನಡೆಯಬೇಕಾಗುತ್ತದೆ, ಸೂಜಿ ಹಿಮ್ಮಡಿಯಲ್ಲಿ ಕಾಲು ಉಳುಕುತ್ತದೆ. ಚಿನ್ನ ಮನೆಯಲ್ಲಿರಲಿ, ಒನ್ ಗ್ರಾಂ ಗೋಲ್ಡ್ ಸಾಕು. ಎರಡನೆಯ ಫಾರ್ಮಲ್ ರಾತ್ರಿಗೆ ಅದೇ ಸೀರೆ, ಬೇರೆ ಬಣ್ಣದ ರವಿಕೆ. ಯಜಮಾನರಿಗೆ ಅದೇ ಪ್ಯಾಂಟು, ಅದೇ ಕೋಟು, ಬೇಕಾದರೆ ಕಿಸೆಯಲ್ಲಿ ಬಣ್ಣದ ಕರವಸ್ತ್ರ. ಸಾವಿರಾರು ಜನರ ಹಡಗಿನಲ್ಲಿ ನಿಮ್ಮ ಸೀರೆ ನೆನಪಿಟ್ಟುಕೊಳ್ಳುವವರು ಯಾರೂ ಇಲ್ಲ.

ಬಜಪೆಯಲ್ಲಿ, ಅಂದರೆ ಮಂಗಳೂರು ವಿಮಾನ ನಿಲ್ದಾಣದಲ್ಲಿ, ಬ್ಯಾಗು ತೂಗಿದರೆ ಮೈಮೇಲಿನ ಬಟ್ಟೆ ತೂಗುವುದಿಲ್ಲ. ಕೋಟನ್ನು ಸೆಖೆಗೆ ಹಾಕಿಕೊಳ್ಳಬೇಕಂತಿಲ್ಲ, ಕೈಮೇಲೆ ಹಾಕಿಕೊಂಡು ಹೋಗಿ, ಒಳಗೆ ಎಸಿ ಚಳಿಗೆ ಹಾಕಿಕೊಳ್ಳಿ. ಚಾರ್ಜರು, ಪವರ್ ಬ್ಯಾಂಕು ಅದರ ಕಿಸೆಯಲ್ಲಿ. ಚಕ್ರದ ಟ್ರಾಲಿಯೇ ಎರಡೂವರೆ ಕೆಜಿ ತಿನ್ನುತ್ತದೆ. ಒಂದು ಕೆಜಿಯ ಬೆನ್ನುಚೀಲ ಆದರೆ ಅಲ್ಲೇ ಮೇಲೆ ಹೇಳಿದ ಇಡೀ ಸೀರೆ ಸೆಟ್ಟಿನ ತೂಕ ಉಳಿಯಿತು. ವಿಮಾನದಲ್ಲಿ ಕೋಟು ಬಿಚ್ಚಿ ಮೇಲಿಡುವುದಾದರೆ ಒಂದು ಭುಜವನ್ನು ಒಳಮೈ ಹೊರಗೆ ಬರುವಂತೆ ತಿರುಗಿಸಿ, ಇನ್ನೊಂದು ಭುಜವನ್ನು ಅದರೊಳಗೆ ತೂರಿಸಿ, ಉದ್ದಕ್ಕೆ ಮಡಚಿ. ಲೈನಿಂಗ್ ಹೊರಗೆ ಬರುವುದರಿಂದ ಕೊಳೆಯೂ ಸುಕ್ಕೂ ಅದಕ್ಕೇ ತಾಗುತ್ತದೆ. ಡ್ರೈಕ್ಲೀನ್ ಅಂಗಡಿಯ ತೆಳು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ಇನ್ನೂ ಒಳ್ಳೆಯದು, ಬಟ್ಟೆ ಜಾರುತ್ತಾ ಇರುವುದರಿಂದ ಮಡಿಕೆ ಒಂದೇ ಕಡೆ ಗಟ್ಟಿಯಾಗುವುದಿಲ್ಲ.

ಕೋಣೆಗೆ ಹೋದ ತಕ್ಷಣ ಮೊದಲ ಕೆಲಸ ಕೋಟು, ಸೀರೆ ಎರಡನ್ನೂ ಬಿಡಿಸಿ ತೂಗುಹಾಕುವುದು. ಹೆಚ್ಚಿನ ಹಡಗುಗಳಲ್ಲಿ ಕೋಣೆಯ ಗೋಡೆ ಉಕ್ಕಿನದ್ದು, ಎರಡು ಆಯಸ್ಕಾಂತದ ಕೊಕ್ಕೆ ಒಯ್ದರೆ ಎಲ್ಲಿ ಬೇಕಾದರೂ ಅಂಟುತ್ತವೆ. ಮರುದಿನಕ್ಕೂ ಸುಕ್ಕು ಉಳಿದಿದ್ದರೆ ಬಚ್ಚಲಿನಲ್ಲಿ ತೂಗಿಸಿ ಬಿಸಿನೀರು ಹತ್ತು ನಿಮಿಷ ಬಿಡಿ. ಮನೆಯಲ್ಲಿ ಆದಷ್ಟು ಚೆನ್ನಾಗಿ ಆಗುವುದಿಲ್ಲ, ಹಡಗಿನ ಬಚ್ಚಲಿನ ಫ್ಯಾನು ಆವಿಯನ್ನು ಎಳೆದುಕೊಂಡು ಹೋಗುತ್ತದೆ. ಬಾಗಿಲು ಮುಚ್ಚಿಯೇ ಇರಲಿ, ಆವಿ ಕೋಣೆಗೆ ನುಗ್ಗಿ ಹೊಗೆಯ ಅಲಾರಂ ಕೂಗುವುದು ಬೇಡ. ಹತ್ತಿ, ಪಾಲಿಯೆಸ್ಟರ್ ಆದರೆ ಒದ್ದೆ ಕೈಯಿಂದ ಸವರಿದರೂ ಸಾಕು. ರೇಷ್ಮೆಗೆ ಮಾತ್ರ ನೀರು ಚಿಮುಕಿಸಬೇಡಿ, ಹನಿ ಬಿದ್ದಷ್ಟೂ ಕಲೆ ಉಳಿಯುತ್ತದೆ.

ಕ್ಯುನಾರ್ಡ್, ಪ್ರಿನ್ಸೆಸ್ ಹಡಗುಗಳಲ್ಲಿ ಪ್ರಯಾಣಿಕರೇ ಬಳಸುವ ಬಟ್ಟೆ ಒಗೆಯುವ ಕೋಣೆಯಿದೆ, ಇಸ್ತ್ರಿಯೂ ಅಲ್ಲೇ. ರಾಯಲ್ ಕೆರಿಬಿಯನ್, ಎಂಎಸ್‌ಸಿಯಲ್ಲಿ ಇಲ್ಲ. ಹಣ ಕೊಟ್ಟು ಇಸ್ತ್ರಿಗೆ ಹಾಕಬೇಕು. ಹಾಕುವುದಾದರೆ ಹತ್ತಿದ ಸಂಜೆಯೇ ಕೊಡಿ. ಮೊದಲ ಫಾರ್ಮಲ್ ರಾತ್ರಿ ಬರುವುದು ಸಾಮಾನ್ಯವಾಗಿ ಎರಡನೆಯ ದಿನ ಅಥವಾ ಹಡಗು ಎಲ್ಲೂ ನಿಲ್ಲದ ಮೊದಲ ದಿನ, ಆ ಬೆಳಿಗ್ಗೆ ಕೊಟ್ಟರೆ ನಿಮ್ಮ ಕೋಟು ಊಟದ ಹೊತ್ತಿಗೆ ಕೈಗೆ ಬರುವ ಭರವಸೆಯಿಲ್ಲ.