ಓದುಗರ ಪ್ರಶ್ನೆ: ಹಳ್ಳಿಯ ಸರ್ಕಾರಿ ಪ್ರೌಢಶಾಲೆ ಬಿಡಬೇಕೇ?

ಪ್ರಶ್ನೆ: ನನ್ನ ಮಗಳು ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ ಮುಗಿಸಿದ್ದಾಳೆ. ಪಕ್ಕದ ಹಳ್ಳಿಯಲ್ಲೇ ಸರ್ಕಾರಿ ಪ್ರೌಢಶಾಲೆ ಇದೆ. ಆದರೆ ಅವಳಿಗೆ ಪಿಯುಸಿಯಲ್ಲಿ ವಿಜ್ಞಾನ ಓದುವ ಆಸೆ ಇರುವುದರಿಂದ ಈಗಲೇ ಹಾಸನದ ಖಾಸಗಿ ಆಂಗ್ಲ ಮಾಧ್ಯಮ ಶಾಲೆಗೆ ಸೇರಿಸಿ ಎಂದು ನೆಂಟರು ಒತ್ತಾಯಿಸುತ್ತಿದ್ದಾರೆ. ತಮ್ಮ ಸಲಹೆ ಏನು?
– ಓದುಗರೊಬ್ಬರು, ಆಲೂರು ತಾಲ್ಲೂಕು

ಉತ್ತರ: ನೆಂಟರು ಹೇಳುತ್ತಿರುವ ಶಾಲೆ ರಾಜ್ಯ ಪಠ್ಯಕ್ರಮದ್ದಾಗಿದ್ದರೆ, ಅಲ್ಲಿಯೂ ನಿಮ್ಮ ಮಗಳು ಓದುವುದು ಇದೇ ಪಾಠಗಳನ್ನು, ಬರೆಯುವುದು ಇದೇ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು. ರಾಜ್ಯದ ಹತ್ತನೇ ತರಗತಿಯ ಗಣಿತ ಮತ್ತು ವಿಜ್ಞಾನ ಪುಸ್ತಕಗಳು ರಾಷ್ಟ್ರಮಟ್ಟದ ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ ಆಧರಿಸಿರುವುದರಿಂದ, ಹಳ್ಳಿಯ ಶಾಲೆಯ ಪಾಠ ತೂಕದಲ್ಲಿ ಕಡಿಮೆ ಎಂಬ ಮಾತಿಗೂ ಆಧಾರವಿಲ್ಲ.

ಮಾಧ್ಯಮದ ಪ್ರಶ್ನೆ ಬೇರೆ. ಪಿಯುಸಿ ವಿಜ್ಞಾನ ವಿಭಾಗದ ಪಾಠ ಬಹುತೇಕ ಇಂಗ್ಲಿಷಿನಲ್ಲೇ ನಡೆಯುವುದರಿಂದ, ಕನ್ನಡ ಮಾಧ್ಯಮದಿಂದ ಹೋದ ಮಕ್ಕಳು ಮೊದಲ ಕೆಲವು ತಿಂಗಳು ತಡವರಿಸುವುದು ನಿಜ. ಇದಕ್ಕಾಗಿ ಎಂಟನೇ ತರಗತಿಯಲ್ಲೇ ಊರು ಬಿಡಿಸಬೇಕಾಗಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎರಡೂ ಮಾಧ್ಯಮದ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಒಂಬತ್ತನೇ ತರಗತಿಯಿಂದ ವಿಜ್ಞಾನದ ಪ್ರತಿ ಪಾಠವನ್ನು ಶಾಲೆಯಲ್ಲಿ ಕನ್ನಡದಲ್ಲಿ ಕೇಳಿ, ಮನೆಯಲ್ಲಿ ಇಂಗ್ಲಿಷಿನಲ್ಲಿ ಒಮ್ಮೆ ಓದುವ ರೂಢಿ ಮಾಡಿಸಿ. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗವೂ ಇದೆ. ಆದರೆ ಅದನ್ನು ಆರಿಸಿಕೊಳ್ಳುವ ಮುನ್ನ ಮುಂದಿನ ಮಾತನ್ನು ಗಮನಿಸಬೇಕು.

ವೃತ್ತಿಪರ ಕೋರ್ಸುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗಿನ ಹತ್ತೂ ವರ್ಷದ ವ್ಯಾಸಂಗ ಬೇಕು. ಗ್ರಾಮೀಣ ಮೀಸಲಾತಿಗೆ ಆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಕಳೆದಿರಬೇಕು, ಇನ್ನೊಂದಕ್ಕೆ ಕನ್ನಡ ಮಾಧ್ಯಮದಲ್ಲೇ ಓದಿರಬೇಕು. ನಿಮ್ಮ ಮಗಳು ಏಳು ವರ್ಷ ಗಳಿಸಿದ್ದನ್ನು ಹಾಸನದ ಮೂರು ವರ್ಷ ಪೂರ್ತಿಯಾಗಿ ಅಳಿಸಿಬಿಡುತ್ತದೆ. ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಯೂ ಗ್ರಾಮೀಣ ಎನಿಸುವುದಿಲ್ಲ. ಆದ್ದರಿಂದ ಆಲೂರು ಪೇಟೆಯ ಶಾಲೆಗೆ ಸೇರಿಸಿದರೂ ಇದೇ ನಷ್ಟ. ಸಿಇಟಿ ಅರ್ಜಿ ತುಂಬುವ ಹೊತ್ತಿಗೆ ಇದನ್ನು ತಿಳಿದು ಪರಿತಪಿಸುವ ಪೋಷಕರು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ.

ಇಷ್ಟಾದರೂ ಹಳ್ಳಿಯ ಶಾಲೆಯೇ ಸರಿ ಎಂದು ಕಣ್ಣು ಮುಚ್ಚಿ ಹೇಳಲಾರೆ. ಮುಖ್ಯ ಶಿಕ್ಷಕರನ್ನು ಕಂಡು, ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಮತ್ತು ಸಿಬಿಜೆಡ್ (ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ) ಶಿಕ್ಷಕರ ಹುದ್ದೆಗಳು ಭರ್ತಿಯಾಗಿವೆಯೇ, ಇಲ್ಲದಿದ್ದರೆ ಅತಿಥಿ ಶಿಕ್ಷಕರು ಜೂನ್‌ನಲ್ಲೇ ಬರುತ್ತಾರೆಯೇ ಎಂದು ನೇರವಾಗಿ ಕೇಳಿ. ಗಣಿತ ಕಲಿಸುವವರೇ ಇಲ್ಲದ ಶಾಲೆಯಲ್ಲಿ ಮೀಸಲಾತಿಯ ಆಸೆಗೆ ಮಗುವನ್ನು ಕೂರಿಸುವುದು ವಿವೇಕವಲ್ಲ. ಆಗಲೂ ಹಾಸನಕ್ಕೆ ಹೊರಡುವ ಮೊದಲು ಸುತ್ತಲಿನ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಇನ್ನೊಂದು ಸರ್ಕಾರಿ ಅಥವಾ ಅನುದಾನಿತ ಪ್ರೌಢಶಾಲೆಯನ್ನು ನೋಡಿ. ಬಸ್ಸಿನ ವೇಳೆಯನ್ನೂ ವಿಚಾರಿಸಿ, ಏಕೆಂದರೆ ಹತ್ತನೇ ತರಗತಿಯಲ್ಲಿ ಸಂಜೆಯ ವಿಶೇಷ ತರಗತಿ ಮುಗಿಯುವಾಗ ನಮ್ಮ ಕಡೆ ಕತ್ತಲಾಗಿರುತ್ತದೆ.

ಪ್ರಶ್ನೆ: ನಾವು ಕಾಫಿ ತೋಟದಲ್ಲಿ ಕೆಲಸ ಮಾಡುವವರು. ಮಗ ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದಾನೆ. ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ಬರೆಸಲು ಶಿಕ್ಷಕರು ಹೇಳಿದ್ದಾರೆ. ಅದರಿಂದ ಪ್ರಯೋಜನವೇನು?
– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಖಂಡಿತ ಬರೆಸಿ. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೇ ಬರುತ್ತದೆ. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು, ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು; ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಇದರಲ್ಲಿ ಶೇ 5ರ ರಿಯಾಯಿತಿ ಇದೆ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಕೊಡಿ. ಬೌದ್ಧಿಕ ಸಾಮರ್ಥ್ಯ ಮತ್ತು ಶೈಕ್ಷಣಿಕ ಸಾಮರ್ಥ್ಯ ಎಂಬ ಎರಡು ಪತ್ರಿಕೆಗಳಿಗೆ ತಲಾ 90 ಅಂಕ. ಮೊದಲನೆಯದರಲ್ಲಿ ಬರುವ ಸಂಖ್ಯಾಶ್ರೇಣಿ, ಆಕೃತಿಗಳಂಥ ಪ್ರಶ್ನೆಗಳು ತರಗತಿಯ ಪಾಠದಲ್ಲಿ ಇರುವುದಿಲ್ಲವಾದ್ದರಿಂದ ಹಳೆಯ ಪ್ರಶ್ನೆಪತ್ರಿಕೆ ತರಿಸಿ ಅಭ್ಯಾಸ ಮಾಡಿಸಬೇಕು. ಒಂದು ಎಚ್ಚರಿಕೆ: ಸರ್ಕಾರದ ವಸತಿ ಶಾಲೆಗೆ ಅಥವಾ ಅನುದಾನರಹಿತ ಖಾಸಗಿ ಕಾಲೇಜಿಗೆ ಸೇರಿದರೆ ಈ ವಿದ್ಯಾರ್ಥಿವೇತನ ನಿಲ್ಲುತ್ತದೆ. ಪ್ರತಿ ವರ್ಷ ನವೀಕರಣಕ್ಕೆ ಅರ್ಜಿ ಹಾಕುವುದನ್ನೂ ಮರೆಯಬಾರದು.

ಪ್ರಶ್ನೆ: ಮಗಳ ಶಾಲೆಯಲ್ಲಿ ಒಂಬತ್ತನೇ ತರಗತಿಯಿಂದ ಹಿಂದಿಯ ಬದಲು ಮಾಹಿತಿ ತಂತ್ರಜ್ಞಾನ ತೆಗೆದುಕೊಳ್ಳಬಹುದಂತೆ. ಮುಂದೆ ತೊಂದರೆಯಾಗುವುದೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಆಗದು. ಇದು ಎನ್‌ಎಸ್‌ಕ್ಯುಎಫ್ ಎಂಬ ವೃತ್ತಿ ಶಿಕ್ಷಣ ಕಾರ್ಯಕ್ರಮದ ವಿಷಯ; ಎಸ್ಸೆಸ್ಸೆಲ್ಸಿಯಲ್ಲಿ ತೃತೀಯ ಭಾಷೆಯ ಸ್ಥಾನದಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ಪಿಯುಸಿಯಲ್ಲಿ ಎರಡೇ ಭಾಷೆಗಳಿರುವುದರಿಂದ ಕನ್ನಡ ಮತ್ತು ಇಂಗ್ಲಿಷ್ ಓದುವವಳಿಗೆ ಹಿಂದಿ ಬಿಟ್ಟದ್ದು ಅಡ್ಡಿಯಾಗುವುದಿಲ್ಲ. ಕಂಪ್ಯೂಟರುಗಳು ಬೀಗ ಹಾಕಿದ ಕೊಠಡಿಯಲ್ಲಿವೆಯೋ ಮಕ್ಕಳ ಕೈಗೆ ಸಿಗುತ್ತಿವೆಯೋ ಎಂಬುದನ್ನು ಮಾತ್ರ ಒಮ್ಮೆ ಹೋಗಿ ನೋಡಿ ಬನ್ನಿ.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಮಗನಿಗೆ ಗಣಿತದಲ್ಲಿ ಕಡಿಮೆ ಅಂಕ ಬಂದಿದೆ. ಮತ್ತೆ ಬರೆದು ಇನ್ನೂ ಕಡಿಮೆ ಬಂದರೆ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: 2023–24ನೇ ಸಾಲಿನಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಜಾರಿಯಲ್ಲಿದ್ದು, ಉತ್ತೀರ್ಣರಾದವರೂ ಅಂಕ ಹೆಚ್ಚಿಸಿಕೊಳ್ಳಲು ಬೇಕಾದ ವಿಷಯವನ್ನಷ್ಟೇ ಮತ್ತೆ ಬರೆಯಬಹುದು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಧೈರ್ಯವಾಗಿ ಪರೀಕ್ಷೆ-2ಕ್ಕೆ ಶಾಲೆಯ ಮೂಲಕ ನೋಂದಣಿ ಮಾಡಿಸಿ. ಆದರೆ ಅದರ ಫಲಿತಾಂಶಕ್ಕಾಗಿ ಕಾಯುತ್ತಾ ಪಿಯುಸಿ ದಾಖಲಾತಿಯನ್ನು ಮುಂದೂಡಬೇಡಿ.