ಸ್ಟೂಲ್ ರಿಪೋರ್ಟಿನಲ್ಲಿ 'ಸಿಸ್ಟ್' ಅಂತ ಬಂದಿದೆ. ಹೋಟೆಲ್ ಅಡುಗೆಮನೆ ಕೆಲಸ ಬಿಡಬೇಕಾ?

ನೀವು ಕೇಳಿದ್ದು ಇಷ್ಟು: ಹೋಟೆಲ್ ಅಡುಗೆಮನೆಯಲ್ಲಿ ಕೆಲಸ. ವರ್ಷಕ್ಕೊಮ್ಮೆ ಮಾಡಿಸುವ ಚೆಕಪ್‌ನಲ್ಲಿ 'ಜಿಯಾರ್ಡಿಯಾ ಸಿಸ್ಟ್', 'ಇ. ಕೋಲೈ ಸಿಸ್ಟ್' ಅಂತ ಬಂದಿದೆ. ಹೊಟ್ಟೆನೋವಿಲ್ಲ, ಭೇದಿಯಿಲ್ಲ. ಮಾಲೀಕರು ನಾಳೆಯಿಂದ ಬರಬೇಡ ಅಂದಿದ್ದಾರೆ. ಇಷ್ಟು ದಿನ ಗಿರಾಕಿಗಳಿಗೆಲ್ಲ ಹುಳು ಬಡಿಸಿದೆನಾ ಅನ್ನೋ ಯೋಚನೆಯಲ್ಲಿ ನಿಮಗೆ ನಿದ್ದೆ ಬರುತ್ತಿಲ್ಲ.

ನಾನು ಡಾಕ್ಟರಲ್ಲ, ಲ್ಯಾಬ್ ಟೆಕ್ನಿಷಿಯನ್. ಅಡುಗೆಮನೆ ಕೆಲಸದವರು ಫಿಟ್‌ನೆಸ್ ಸರ್ಟಿಫಿಕೇಟಿಗಾಗಿ ತಂದುಕೊಡುವ ಡಬ್ಬಿಗಳನ್ನು ವರ್ಷಗಟ್ಟಲೆ ನೋಡಿದವನು.

ಸಿಸ್ಟ್ ಅಂದರೆ ಕರುಳಿನಲ್ಲಿರುವ ಸೂಕ್ಷ್ಮಜೀವಿ ಗಟ್ಟಿ ಕವಚದೊಳಗೆ ಮುದುಡಿ ಮಲದಲ್ಲಿ ಹೊರಬರುವ ರೂಪ. ಮೊದಲು ಎರಡನೇ ಹೆಸರನ್ನು ತಲೆಯಿಂದ ತೆಗೆದುಹಾಕಿ. 'ಸಿಸ್ಟ್' ಜೊತೆಗಿರುವ ಇ. ಕೋಲೈ ಅಂದರೆ ಎಂಟಮೀಬಾ ಕೋಲೈ, ಒಂದು ಜಾತಿಯ ಅಮೀಬಾ. ಸುದ್ದಿಯಲ್ಲಿ ಬರುವ ಇ. ಕೋಲೈ ಬ್ಯಾಕ್ಟೀರಿಯಾ ಬೇರೆ. ಹೆಸರು ಒಂದೇ ಥರ ಇರೋದರಿಂದ ನಿಮ್ಮ ಮಾಲೀಕರು ಫೋನಿನಲ್ಲಿ ಹುಡುಕಿ ಹೆದರಿರುತ್ತಾರೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಈ ಅಮೀಬಾ ಕರುಳಿನಲ್ಲಿ ಸುಮ್ನೆ ಇದ್ದುಬಿಡುತ್ತದೆ. ಔಷಧಿಯೂ ಬೇಕಿಲ್ಲ. ಅದು ಹೇಳೋದು ಒಂದೇ ಮಾತು: ಎಲ್ಲೋ ಹೊಲಸು ಸೇರಿದ ನೀರೋ ಆಹಾರವೋ ನಿಮ್ಮ ಬಾಯಿಗೆ ಹೋಗಿದೆ.

ಅಮೀಬಾ ಯಾವುದು ಅನ್ನೋದನ್ನು ನಾವು ಹೇಗೆ ಹೇಳುತ್ತೇವೆ ಗೊತ್ತಾ? ಸ್ಲೈಡಿನ ಮೇಲೆ ಒಂದು ಹನಿ ಅಯೋಡಿನ್, ಕಡ್ಡಿ ತುದಿಯಷ್ಟು ಮಲ, ಮೇಲೊಂದು ತೆಳು ಗಾಜು. ಸಿಸ್ಟುಗಳು ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತವೆ. ಆಮೇಲೆ ಮೈಕ್ರೋಸ್ಕೋಪಿನ ತಿರುಗಣೆಯನ್ನು ಕೂದಲೆಳೆಯಷ್ಟು ಆಚೆ ಈಚೆ ಮಾಡುತ್ತಾ ಒಳಗಿನ ಚುಕ್ಕೆಗಳನ್ನು ಎಣಿಸಬೇಕು. ಎಂಟರವರೆಗೆ ಇದ್ದರೆ ಕೋಲೈ. ನಾಲ್ಕಕ್ಕೆ ನಿಂತರೆ ಆಮಶಂಕೆ ತರುವ ಹಿಸ್ಟೊಲಿಟಿಕಾ ಇರಬಹುದು. 'ಇರಬಹುದು' ಅಂದೆ, ಯಾಕಂದರೆ ಅದಕ್ಕೆ ಡಿಸ್ಪಾರ್ ಅನ್ನುವ ಅವಳಿಯಂಥದ್ದೊಂದಿದೆ. ಅದು ನಿರಪಾಯಕಾರಿ, ಆದರೆ ಸಿಸ್ಟ್ ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಅದಕ್ಕೆ ಆಂಟಿಜನ್ ಅಥವಾ ಪಿಸಿಆರ್ ಪರೀಕ್ಷೆ ಬೇಕು.

ಭೇದಿ ತರಬಲ್ಲ ಒಂದೇ ಕೋಶದ ಜೀವಿ ಜಿಯಾರ್ಡಿಯಾ ಮಾತ್ರ ನಿಜವಾದ ವಿಷಯ. ಸಿಸ್ಟಿನ ಉದ್ದ ಸುಮಾರು 12 ಮೈಕ್ರಾನ್. ಒಂದು ಮಿಲಿಮೀಟರಿನೊಳಗೆ 80 ಸಿಸ್ಟುಗಳು ಸಾಲಾಗಿ ನಿಲ್ಲಬಹುದು. ಒಬ್ಬರಿಗೆ ಅಂಟಲು ಹತ್ತಿಪ್ಪತ್ತು ಸಿಸ್ಟು ಹೊಟ್ಟೆಗೆ ಹೋದರೂ ಸಾಕು, ಮೈಯಿಂದ ಹೊರಬಿದ್ದ ಕ್ಷಣದಿಂದಲೇ ಅಂಟಬಲ್ಲವು. 1681ರಲ್ಲಿ ತಾನೇ ಮಸೂರ ಉಜ್ಜಿ ಸೂಕ್ಷ್ಮಜೀವಿಗಳನ್ನು ನೋಡಿದ ಡಚ್ಚರ ಲೇವನ್‌ಹುಕ್ ತನಗೆ ಭೇದಿಯಾದಾಗ ತನ್ನದೇ ಮಲವನ್ನು ಮಸೂರದಡಿ ಇಟ್ಟು ನೋಡಿದ ಜೀವಿ ಇದೇ ಅನ್ನುತ್ತಾರೆ. ನಮ್ಮ ಕಸುಬಿನ ಮೂಲಪುರುಷ!

ಹಾಗಾಗಿ ನಿಮ್ಮಿಂದ ಹರಡಬಹುದಾ? ಹರಡಬಹುದು. ಆದರೆ ಕುದಿಯುವ ಪಾತ್ರೆಯೊಳಗೆ ಬದುಕಿ ಅಲ್ಲ, ಚೆನ್ನಾಗಿ ಬೆಂದರೆ ಸಿಸ್ಟ್ ಸಾಯುತ್ತದೆ. ಅಪಾಯ ಇರೋದು ಬೇಯಿಸದೆಯೇ ಬಡಿಸುವ ಇಲ್ಲವೇ ಬೆಂದ ಮೇಲೆ ಕೈ ತಾಗುವ ಕಡೆ: ಹಸಿ ತರಕಾರಿ, ಹೆಚ್ಚಿದ ಹಣ್ಣು, ತಟ್ಟೆಗೆ ಮೇಲಿಂದ ಉದುರಿಸುವ ಸೊಪ್ಪು, ಐಸ್. ಭೇದಿ ಇದ್ದವರಂತೂ ಅಡುಗೆಮನೆಗೆ ಕಾಲಿಡಬಾರದು. ನಿಂತ ಮೇಲೂ 48 ಗಂಟೆ ದೂರ ಇರಬೇಕು ಅನ್ನೋದು ಹಲವು ದೇಶಗಳ ನಿಯಮ. ನಿಮ್ಮ ಹಾಗೆ ಲಕ್ಷಣವೇ ಇಲ್ಲದವರು ಚಿಕಿತ್ಸೆ ಮುಗಿಯುವವರೆಗೆ ಇಂಥ ಹಸಿ ಪದಾರ್ಥಗಳಿಂದ ದೂರ ಇರುವ ಕೆಲಸ ಕೇಳಬಹುದು. ಡಾಕ್ಟರ ಹತ್ತಿರ ಅದನ್ನೇ ಚೀಟಿಯಲ್ಲಿ ಬರೆಸಿಕೊಳ್ಳಿ. ಕೆಲಸದಿಂದಲೇ ತೆಗೆಯೋದು ನನ್ನ ಪ್ರಕಾರ ಮೂರ್ಖತನ. ಹಾಗೆ ಮಾಡಿದರೆ ಮುಂದಿನ ಸಲ ಭೇದಿಯಾದವನು ಬಾಯಿ ಮುಚ್ಚಿಕೊಂಡು ಹಣ್ಣು ಹೆಚ್ಚುತ್ತಾನೆ, ಅಲ್ವಾ?

ಕೆಲಸದವರ ಮೇಲೆ ಬೆರಳು ತೋರಿಸುವ ಈ ಚಾಳಿ ಹಳೆಯದು. 1933ರಲ್ಲಿ ಶಿಕಾಗೋದಲ್ಲಿ ದೊಡ್ಡ ಜಾಗತಿಕ ಮೇಳ ನಡೆಯುತ್ತಿತ್ತು. ಆಗ ಅಲ್ಲಿನ ಎರಡು ಹೋಟೆಲುಗಳಿಂದ ಅಮೀಬಾದ ಆಮಶಂಕೆ ಹಬ್ಬಿತು. ಸುಮಾರು 1,400 ಜನ ಮಲಗಿದರು, 98 ಮಂದಿ ಸತ್ತರು. ಮೊದಲು ಅನುಮಾನ ಬಿದ್ದದ್ದು ಅಡುಗೆಯವರು, ಬಡಿಸುವವರ ಮೇಲೆ. ಅವರ ಮಲ ಪರೀಕ್ಷೆಯೂ ಆಯಿತು, ಕೆಲವರಲ್ಲಿ ಅಮೀಬಾ ಸಿಕ್ಕಿತು ಕೂಡ. ಕೊನೆಗೆ ಗೊತ್ತಾದದ್ದೇನು? ಹಳೇ ಪೈಪುಗಳಲ್ಲಿ ಕೊಳಚೆ ನೀರು ಕುಡಿಯುವ ನೀರಿಗೆ ಸೇರುತ್ತಿತ್ತು. ಅಂದರೆ ಕೆಲಸದವರೂ ಗಿರಾಕಿಗಳೂ ಒಂದೇ ನೀರು ಕುಡಿದವರು. ನಿಮ್ಮ ಅಡುಗೆಮನೆಯಲ್ಲಿ ಇನ್ನಿಬ್ಬರ ರಿಪೋರ್ಟೂ ಹೀಗೇ ಬಂದಿದ್ದರೆ, ಮಾಲೀಕರು ಮೊದಲು ನೀರಿನ ಟ್ಯಾಂಕ್ ನೋಡಲಿ.

ವಿಶ್ವ ಆರೋಗ್ಯ ಸಂಸ್ಥೆ ಕೂಡ 1989ರಲ್ಲೇ ಹೇಳಿದೆ, ಆಹಾರ ಕೆಲಸದವರಿಗೆ ಸುಮ್ನೆ ವಾಡಿಕೆಗೆ ಮಾಡಿಸುವ ಇಂಥ ಪರೀಕ್ಷೆಗಳಿಂದ ಖರ್ಚಿಗೆ ತಕ್ಕ ಲಾಭ ಇಲ್ಲ ಅಂತ. ನನಗೂ ಹಾಗೇ ಅನ್ನಿಸುತ್ತದೆ. ಜಿಯಾರ್ಡಿಯಾ ಸಿಸ್ಟ್ ದಿನಾ ಬೀಳುವುದಿಲ್ಲ. ಇವತ್ತಿನ ಸ್ಲೈಡ್ ಖಾಲಿ, ನಾಡಿದ್ದಿನದು ತುಂಬಿರುತ್ತದೆ. ಅದಕ್ಕೇ ಬೇರೆ ಬೇರೆ ದಿನದ ಮೂರು ಸ್ಯಾಂಪಲ್ ಕೇಳುತ್ತೇವೆ, ಯಾರೂ ತರುವುದಿಲ್ಲ. ಜನವರಿಯಲ್ಲಿ 'ನಾರ್ಮಲ್' ಅಂತ ಬರೆದ ಕಾಗದ ಫೆಬ್ರವರಿಯಲ್ಲಿ ಏನನ್ನೂ ಕಾಯುವುದಿಲ್ಲ. ಕಾಯೋದು ಸೋಪು. ಉಗುರು ಸಂದಿ, ಹೆಬ್ಬೆರಳಿನ ಬುಡ, ಹರಿಯುವ ನೀರು, ಒಣ ಟವೆಲ್ಲು. ಗೋಡೆಯಲ್ಲಿ ನೇತಾಡುವ ಸ್ಯಾನಿಟೈಸರ್ ನಂಬಿ ಕೂರಬೇಡಿ, ಸಿಸ್ಟುಗಳ ಗಟ್ಟಿ ಕವಚಕ್ಕೆ ಆಲ್ಕೋಹಾಲು ಅಷ್ಟಾಗಿ ನಾಟುವುದಿಲ್ಲ.

'ಹುಳು' ಅನ್ನೋ ಒಂದೇ ಪದದಲ್ಲಿ ಎಲ್ಲವನ್ನೂ ಸೇರಿಸೋದರಿಂದಲೂ ಗೊಂದಲ ಜಾಸ್ತಿ. ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲಿ ಎರಡು ಮೂರು ವಾರ ಬಲಿತ ಮೇಲೇ ಅಂಟುವುದು, ಇವತ್ತಿನ ಕೈಯಿಂದ ಇವತ್ತಿನ ತಟ್ಟೆಗೆ ಅಲ್ಲ. ಕೊಕ್ಕೆಹುಳು ಹೆಚ್ಚಾಗಿ ಬರಿಗಾಲಿನ ಚರ್ಮದಿಂದಲೇ ಒಳಹೋಗುತ್ತದೆ. ನಾನು ನಿಜಕ್ಕೂ ಹೆದರುವುದು ಹಂದಿಯ ಲಾಡಿಹುಳುವಿಗೆ. ಅದು ಹೊಟ್ಟೆಯಲ್ಲಿದ್ದವನಿಗೆ ತೊಂದರೆಯೇ ಕಾಣದಿರಬಹುದು, ಆದರೆ ಅವನ ಕೈಯಿಂದ ಮೊಟ್ಟೆ ಇನ್ನೊಬ್ಬರ ಬಾಯಿಗೆ ಹೋದರೆ ಮರಿ ಮಿದುಳಿಗೆ ಏರಿ ಫಿಟ್ಸ್ ತರಿಸಬಹುದು. ನ್ಯೂಯಾರ್ಕಿನಲ್ಲಿ ಹಂದಿಮಾಂಸ ಮುಟ್ಟದ ಯೆಹೂದಿ ಕುಟುಂಬಗಳಲ್ಲೇ ಇದು ಕಾಣಿಸಿ ಡಾಕ್ಟರುಗಳು ತಲೆ ಕೆರೆದುಕೊಂಡಿದ್ದರು. ಹುಡುಕಿದಾಗ ಸುಳಿವು ಸಿಕ್ಕಿದ್ದು ಮನೆಗೆಲಸಕ್ಕಿದ್ದವರ ಹೊಟ್ಟೆಯಲ್ಲಿ. 1992ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ನಿಮ್ಮ ರಿಪೋರ್ಟಿನಲ್ಲಿ ಲಾಡಿಹುಳುವಿನ ಹೆಸರಾದ 'ಟೀನಿಯಾ' ಅಂತ ಇದ್ದಿದ್ದರೆ ಇಷ್ಟು ನಿರಾಳವಾಗಿ ಬರೆಯುತ್ತಿರಲಿಲ್ಲ.

ಈಗ ಮಾಡಬೇಕಾದ್ದು: ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋಗಿ. ಜಿಯಾರ್ಡಿಯಾಗೆ ಸಾಮಾನ್ಯವಾಗಿ ಟಿನಿಡಜೋಲ್ ಅಥವಾ ಮೆಟ್ರೋನಿಡಜೋಲ್ ಬರೆಯುತ್ತಾರೆ. ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ಅನ್ನಿಸುತ್ತದೆ, ಅದಕ್ಕೆ ಹೆದರಿ ಅರ್ಧಕ್ಕೆ ಬಿಡಬೇಡಿ. ಆ ದಿನಗಳಲ್ಲಿ ಮದ್ಯ ಬೇಡ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದನ್ನೂ ಹೇಳಿ, ಅವರಿಂದ ನಿಮಗೆ ಮತ್ತೆ ಅಂಟಬಹುದು.

ಚಿಕಿತ್ಸೆ ಆದ ಮೇಲೆ ಮರುಪರೀಕ್ಷೆ ಬೇಕೆಂದರೆ ಒಣಗಿದ ಡಬ್ಬಿಯಲ್ಲಿ, ಮೂತ್ರವಾಗಲಿ ನೀರಾಗಲಿ ಸೇರದ ಹಾಗೆ, ಅದೇ ಬೆಳಗಿನದನ್ನು ಬೇಗ ತಂದುಕೊಡಿ. ಒಮ್ಮೆ ಒಂದೇ ಅಡುಗೆಮನೆಯಿಂದ ನನಗೆ ಐದು ಡಬ್ಬಿ ಬಂದಿದ್ದವು. ಐದು ಹೆಸರು, ಒಂದೇ ಬಣ್ಣ, ಒಂದೇ ವಾಸನೆ, ಐದರಲ್ಲೂ ಅದೇ ಟೊಮೆಟೊ ಸಿಪ್ಪೆ. ಆರೋಗ್ಯವಾಗಿದ್ದ ಒಬ್ಬ ಪುಣ್ಯಾತ್ಮ ಎಲ್ಲರಿಗೂ ಹಂಚಿದ್ದ. ಐದನ್ನೂ ವಾಪಸ್ ಕಳಿಸಿದೆ. ನಿಮ್ಮ ಡಬ್ಬಿಯಲ್ಲಿ ನಿಮ್ಮದೇ ಇರಲಿ.