ಸ್ಕ್ರೀಮ್ ಮುಗಿಸಿ ಕೋರಸ್‌ಗೆ ಬರುವಾಗ ಸ್ವರ ಬೀಳುತ್ತದೆ ಅಂದ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ಹುಬ್ಬಳ್ಳಿಯಲ್ಲಿ 5 ಜನ ಸೇರಿ ಡೆತ್‌ಕೋರ್ ಬ್ಯಾಂಡ್, ಅಂದರೆ ಕಿರುಚಿ ಗುರುಗುಟ್ಟಿ ಹಾಡುವ ಭಾರದ ಮೆಟಲ್ ಬ್ಯಾಂಡ್, ಕಟ್ಟಿದ್ದೀರಿ. ಸ್ಕ್ರೀಮೂ ನೀನೇ, ಕೋರಸ್‌ನಲ್ಲಿ (ಮತ್ತೆ ಮತ್ತೆ ಬರುವ ಪಲ್ಲವಿಯಲ್ಲಿ) ಕ್ಲೀನ್, ಅಂದರೆ ಕಿರುಚದೆ ಮಾಮೂಲಿ ಸ್ವರದಲ್ಲಿ, ಹಾಡುವವನೂ ನೀನೇ. 15 ನಿಮಿಷಕ್ಕೆ ಗಂಟಲು ಉರಿಯುತ್ತದೆ, ಕೋರಸ್ ಬಂದಾಗ ಸ್ವರ ಇಳಿದುಬಿಡುತ್ತದೆ. ಕ್ಲೀನ್‌ಗೆ ಬೇರೆ ಹುಡುಗನನ್ನು ಹುಡುಕಬೇಕಾ ಅಂತ ಕೇಳಿದ್ದೀಯ. ಈಗಲೇ ಬೇಡ.

ಉರಿ ಬಂತು ಅಂದರೆ ಮಾತಾಡುವ ತಂತುಗಳಿಂದಲೇ ಕಿರುಚುತ್ತಿದ್ದೀಯ ಅಂತ. ಅವುಗಳ ಸ್ವಲ್ಪ ಮೇಲೆ ಇನ್ನೊಂದು ಜೋಡಿ ಮಡಿಕೆ ಇದೆ, ಅದಕ್ಕೇ ಫಾಲ್ಸ್ ಕಾರ್ಡ್ ಅನ್ನುವುದು. ಗ್ರೌಲ್‌ನ (ಆಳದಲ್ಲಿ ಗುರುಗುಟ್ಟುವ ಸ್ಕ್ರೀಮ್‌ನ) ಒರಟುತನ ಆ ಮೇಲಿನ ಜೋಡಿಯಿಂದ ಬರಬೇಕು. ಲೋರ್ನಾ ಶೋರ್ ಅನ್ನುವ ಡೆತ್‌ಕೋರ್ ಬ್ಯಾಂಡ್‌ನ ಗಾಯಕ ವಿಲ್ ರಾಮೋಸ್ ಗಂಟಲಿಗೆ ಕ್ಯಾಮೆರಾ ಇಳಿಸಿಕೊಂಡು ಸ್ಕ್ರೀಮ್ ಮಾಡಿದ ವಿಡಿಯೋ ಇದೆ, ತಪ್ಪದೆ ನೋಡು. ಅಷ್ಟು ದೂರ ಯಾಕೆ, ಇಲ್ಲೇ ಮುಂಡಗೋಡದ ಡ್ರೆಪುಂಗ್ ಲೋಸೆಲಿಂಗ್ ಮಠದ ಭಿಕ್ಷುಗಳು ಆಳದ ಸ್ವರದಲ್ಲಿ ಮಂತ್ರ ಹೇಳುವುದನ್ನು ಕೇಳು. ಅಲ್ಲಿಯೂ ಅದೇ ಮೇಲಿನ ಮಡಿಕೆಗಳು ಕೆಳಗಿನ ತಂತುಗಳ ಜೊತೆ ಸೇರಿ ಅದುರುತ್ತವೆ. ಆ ಸದ್ದು ಎದೆ ನಡುಗಿಸುತ್ತದೆ, ಆದರೆ ಭಿಕ್ಷುಗಳ ಮುಖದಲ್ಲಿ ಒಂದು ನರವೂ ಉಬ್ಬಿರುವುದಿಲ್ಲ.

ಹೀಗೆ ಮಾಡು. ಕನ್ನಡಕ ಒರೆಸುವ ಮುಂಚೆ ಗಾಜಿನ ಮೇಲೆ 'ಹಾ' ಅಂತ ಬಿಸಿ ಉಸಿರು ಬಿಡುತ್ತೇವಲ್ಲ, ಆ ಉಸಿರು. ಬಾಯಿ ಅಗಲ, ಗಂಟಲು ಸಡಿಲ. ಅದೇ ಉಸಿರು ಬಿಡುತ್ತಾ, ಚೀಲ ಎತ್ತುವ ಹಮಾಲರ 'ಹ್ಞೂಂ' ಇದೆಯಲ್ಲ, ಅಷ್ಟೇ ಬಿಗಿ ಸೇರಿಸು. ಗುರ್ ಅಂತ ಸಣ್ಣಗೆ ಅದುರು ಬರುತ್ತದೆ. ಬಂದ ಕೂಡಲೇ ಜೋರು ಮಾಡಬೇಡ. ಮೊದಲ ಒಂದು ತಿಂಗಳು ಪಕ್ಕದ ಕೋಣೆಗೂ ಕೇಳಿಸಬಾರದು. ಸರಿಯಾದ ಗ್ರೌಲ್ ನಿಜಕ್ಕೂ ಅಷ್ಟು ಜೋರಾಗಿರುವುದಿಲ್ಲ, ದೊಡ್ಡದು ಮಾಡುವುದು ಮೈಕ್. ಕೆರೆತ ಶುರುವಾದರೆ ಆ ದಿನಕ್ಕೆ ಸಾಕು.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು 3 ತಿಂಗಳು ತಪ್ಪಾಗಿ ಮಾಡಿದೆ. ಧಾರವಾಡದಲ್ಲಿ ಒಂದು ಕಾಲೇಜು ಕಾರ್ಯಕ್ರಮ ಇತ್ತು, ಬ್ರೇಕ್‌ಡೌನ್ (ಹಾಡು ನಿಧಾನವಾಗಿ ಭಾರವಾಗುವ ಭಾಗ) ಮುಗಿಸಿ ಕೋರಸ್‌ಗೆ ಬಾಯಿ ತೆರೆದೆ. ಬರೀ ಗಾಳಿ ಬಂತು. ಗಿಟಾರ್ ನುಡಿಸುತ್ತಿದ್ದ ಗೆಳೆಯ ನನ್ನ ಮುಖ ನೋಡಿ ತಾನೇ ಆ ಸಾಲು ಹಾಡಿದ. ಆಮೇಲೆ ಒಂದೂವರೆ ತಿಂಗಳು ಹಾಡಲಿಲ್ಲ. ನಿನಗೂ ಧ್ವನಿ ಒಡಕು 2 ವಾರ ದಾಟಿದರೆ ಮನೆಮದ್ದು ಮಾಡುತ್ತಾ ಕೂರಬೇಡ, ಕಿವಿ-ಮೂಗು-ಗಂಟಲು ಡಾಕ್ಟರ್ ಹತ್ತಿರ ಹೋಗಿ ತಂತು ತೋರಿಸು.

ಇನ್ನು ಸ್ವರ ಬೀಳುವ ವಿಷಯ. ಗ್ರೌಲ್ ನಿಂತ ಮೇಲೂ ಆ ಬಿಗಿ ಒಂದು ಕ್ಷಣ ಉಳಿದಿರುತ್ತದೆ, ಆ ಬಿಗಿಯಲ್ಲೇ ನೀನು ಹಾಡಲು ಹೋಗುತ್ತೀಯ. ಕೋರಸ್‌ಗೆ ಮುಂಚೆ ಒಂದು ಬೀಟ್ ಖಾಲಿ ಬಿಡಿಸು. ಅಷ್ಟರಲ್ಲಿ ಉಸಿರು ತುಂಬುತ್ತದೆ, ಬಿಗಿ ಬಿಡುತ್ತದೆ. ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಎ ಫ್ರಿಜಿಯನ್‌ನಲ್ಲಿದೆ, ಅಂದರೆ 'ಎ' ಸ್ವರವನ್ನು ಸಾ ಮಾಡಿಕೊಂಡ ಒಂದು ಪಾಶ್ಚಾತ್ಯ ಸ್ವರಶ್ರೇಣಿಯಲ್ಲಿದೆ, ಅಂತ ಬರೆದಿದ್ದೀಯ. ಅದು ನಮ್ಮ ಭೈರವಿ ಥಾಟ್‌ನ ಸ್ವರಗಳೇ ಅಲ್ವಾ, ರೆ ಗ ಧ ನಿ ನಾಲ್ಕೂ ಕೋಮಲ! ನಮ್ಮ ಕಡೆ ಕಛೇರಿ ಮುಗಿಯುವುದೇ ಭೈರವಿಯಿಂದ, ಆ ಕೋಮಲ ರೆ ಚಿಕ್ಕಂದಿನಿಂದ ನಿನ್ನ ಕಿವಿಗೆ ಬಿದ್ದಿರುತ್ತದೆ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕು, ಸ್ವರ ಎ, ಅಂದರೆ ಹಾರ್ಮೋನಿಯಂ ಪೆಟ್ಟಿಗೆಯ ಬಿಳಿ 6. ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು) ಗ್ರೌಲ್, ಒಂದು ಬೀಟ್ ಸುಮ್ನೆ, ಆಮೇಲೆ 'ಸಾ' ಹಿಡಿ. ತಂಬೂರಿಯಲ್ಲಿ ಕರಗಿತಾ ನೋಡು. ಕರಗದಿದ್ದರೆ ಮತ್ತೆ ನಾಲ್ಕು ಬಾರ್. ಬೆಳಿಗ್ಗೆ 15 ನಿಮಿಷ ಖರ್ಜ ಸಾಧನೆಯನ್ನೂ (ಕೆಳಗಿನ ಸ್ಥಾಯಿಯ ಸ್ವರಗಳನ್ನು ಹಿಡಿದು ನಿಲ್ಲಿಸುವ ಅಭ್ಯಾಸ) ಮಾಡು, ಧಾರವಾಡದಲ್ಲಿ ಕಲಿಸುವವರಿಗೆ ಕೊರತೆ ಇಲ್ಲ. ಕ್ಲೀನ್ ಸುಧಾರಿಸಲು ನನಗೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಕ್ಲೀನ್ ಬಂದರೆ ಹಾಡಿನ ತೂಕ ಹೋಗುತ್ತದೆ ಅಂತ ನಿನ್ನ ಡ್ರಮ್ಮರ್ ಹೆದರುತ್ತಾನಂತೆ. ಅವನಿಗೆ ವೈಟ್‌ಚಾಪೆಲ್ ಕೇಳಿಸು. 2006ರಲ್ಲಿ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಶುರುವಾದ ಬ್ಯಾಂಡ್. 2019ರ 'ದಿ ವ್ಯಾಲಿ' ಆಲ್ಬಂನಲ್ಲಿ 'ಹಿಕರಿ ಕ್ರೀಕ್' ಅಂತ ಒಂದು ಹಾಡಿದೆ. ಆ ಬ್ಯಾಂಡ್‌ನ ಗಾಯಕ ಫಿಲ್ ಬೋಜ್‌ಮನ್ ಅದನ್ನು ಪೂರ್ತಿ ಕ್ಲೀನ್ ಆಗಿಯೇ ಹಾಡಿದ್ದಾರೆ. ಅದೇ ಆಲ್ಬಂನ ಗ್ರೌಲ್‌ಗಳ ಪಕ್ಕದಲ್ಲಿ ಅದು ಇನ್ನೂ ಭಾರ ಅನಿಸುತ್ತದೆ. ನೋವಿನ ಮಾತು ಬಂದ ಕಡೆ ಹಾಡು, ಸಿಟ್ಟು ತಡೆಯದ ಕಡೆ ಗ್ರೌಲ್. ಎರಡನ್ನೂ ತೋರಿಸಬೇಕು ಅಂತ ಸುಮ್ನೆ ಜೋಡಿಸಿದರೆ ಕೇಳುವವರಿಗೆ ಗೊತ್ತಾಗುತ್ತದೆ.

ಸಾಹಿತ್ಯ ಕನ್ನಡದಲ್ಲೇ ಬರಿ. ನಮ್ಮ ಮಾತುಗಳು ಹೆಚ್ಚಾಗಿ ಸ್ವರಾಕ್ಷರದಲ್ಲೇ ಮುಗಿಯುತ್ತವೆ, ಗ್ರೌಲ್ ಎಳೆಯಲು ಬಾಯಿ ತೆರೆದೇ ಇರುತ್ತದೆ. 'ಆ', 'ಓ' ಇರುವ ಪದಗಳನ್ನು ಸಾಲಿನ ಕೊನೆಗೆ ತಾ.

ಮೈಕ್‌ನ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯಬೇಡ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಸದ್ದು ಮಸುಕಾಗಿ ಸ್ಪೀಕರ್ ಕೂಗುತ್ತದೆ. ನಿನ್ನ ಧ್ವನಿ ನಿನಗೆ ಕೇಳುವಂತೆ ನಿನ್ನ ಕಡೆ ತಿರುಗಿಸಿದ ಮಾನಿಟರ್ ಸ್ಪೀಕರ್ ಇರಲೇಬೇಕು, ಕೇಳದಿದ್ದರೆ ಯಾರೇ ಆದರೂ ಒತ್ತಿ ಕಿರುಚುತ್ತಾರೆ. ಪ್ರಾಕ್ಟೀಸ್‌ಗೆ ಮುಂಚೆ ಗಿರ್ಮಿಟ್-ಮಿರ್ಚಿ ಬೇಡ, ಹುಳಿ ತೇಗು ಮೇಲೆ ಬಂದು ತಂತುಗಳನ್ನು ಸುಡುತ್ತದೆ. ಮುಗಿದ ಮೇಲೆ ತಿನ್ನು. ದಿನವಿಡೀ ನೀರು ಕುಡಿ, ಖ್ಯಾಕರಿಸುವ ಚಟ ಬಿಡು.

ಮುಂದಿನ ಭಾನುವಾರ ಫೋನಿನಲ್ಲೇ ನಾಲ್ಕು ಬಾರ್ ಗ್ರೌಲ್, ಆಮೇಲೆ 'ಸಾ', ತಂಬೂರಿ ಜೊತೆ ರೆಕಾರ್ಡ್ ಮಾಡಿ ಇಲ್ಲೇ ಹಾಕು. ಎಫೆಕ್ಟ್ ಏನೂ ಸೇರಿಸಬೇಡ. ಕೇಳಿ ಹೇಳುತ್ತೇನೆ.